ಒಳಗೆ ಬಿಟ್ಟ ಬಟ್ಟೆ

ಟೈಲರ್ ಅಂಗಡಿಯಲ್ಲಿ ಕಾಲಿಗೆ ಗುಂಡುಸೂಜಿ ಚುಚ್ಚುವುದು ಹೊಸದಲ್ಲ. ಚುಚ್ಚಿದ್ದು ಗೊತ್ತಾಗದೇ ಹೋಗುವುದು ಹೊಸದು.

ಮಧ್ಯಾಹ್ನ ಊಟದ ಹೊತ್ತು. ಬೀದಿಯವರೆಲ್ಲ ಟೈಲರಣ್ಣ ಎಂದು ಕರೆಯುವ ಆತ ಹೊಲಿಗೆ ಯಂತ್ರ ನಿಲ್ಲಿಸಿ, ಕುಳಿತಲ್ಲೇ ಬರಿಗಾಲು ನೀಡಿ ಮೈಮುರಿದ. ಎದುರಿಗೆ ನೆಲದ ಮೇಲೆ ಕುಳಿತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಹೆಂಡತಿಯ ಕಣ್ಣು ಅವನ ಬಲ ಅಂಗಾಲಿನ ಮೇಲೆ ಬಿತ್ತು. ಹೆಬ್ಬೆರಳಿನ ಬುಡದಲ್ಲಿ ಒಂದು ಹಸಿರು ಚುಕ್ಕಿ.

"ರೀ, ಕಾಲಲ್ಲಿ ಏನ್ರೀ ಅದು?"

"ಬೆರಳು ಕಣೇ. ಐದಿದೆ, ಎಣಿಸ್ಕೋ."

ಅವಳು ನಗಲಿಲ್ಲ. ಹತ್ತಿರ ಸರಿದು ನೋಡಿದಳು. ಅದು ಗುಂಡುಸೂಜಿಯ ಪ್ಲಾಸ್ಟಿಕ್ ತಲೆ. ಸೂಜಿ ಪೂರ್ತಿ ಒಳಗಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. ಯಂತ್ರದ ಪೆಡಲಿನ ಮೇಲೂ ಅದೇ ಕಪ್ಪು ಕಲೆ. ಅಂದರೆ ಬೆಳಗ್ಗೆಯಿಂದ ಆತ ಆ ಸೂಜಿಯ ಮೇಲೇ ಕಾಲೂರಿ ಹೊಲಿಯುತ್ತಿದ್ದ.

ತಾನೇ ತೆಗೆಯಲು ಬಗ್ಗಿದ. ಹೊಟ್ಟೆ ಅಡ್ಡ ಬಂತು. ಕೊನೆಗೆ ಅವಳೇ ಎಳೆದು ತೆಗೆದಳು. ಆತ ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ.

"ನೋವಾಗ್ಲಿಲ್ವಾ?"

"ಇಷ್ಟು ವರ್ಷ ಪೆಡಲ್ ತುಳಿದ ಕಾಲು ಇದು. ಚರ್ಮ ಅಲ್ಲ, ಟಯರು." ಸೂಜಿಯನ್ನು ಒರೆಸಿ ಮತ್ತೆ ಸೂಜಿದಿಂಬಿಗೆ ಚುಚ್ಚಿದ. "ಏಳು, ಹಸಿವಾಗ್ತಿದೆ."

ಅವಳು ಆ ದಿನ ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು. ಕಾರಣ ಆ ಯಂತ್ರ.

ಯಂತ್ರ ಮೊದಲು ಮಾಸ್ಟರದ್ದಾಗಿತ್ತು. ಟೈಲರಣ್ಣನಿಗೆ ಕತ್ತರಿ ಹಿಡಿಯಲು ಕಲಿಸಿದ ಗುರು ಅವರು. ಅವರ ಕಾಲು ಊರಿ ಊರಿ ಪೆಡಲಿನ ಬಲಬದಿ ಸವೆದು ನುಣುಪಾಗಿದೆ. ಒಂದು ದಿನ ಅವರು ಯಂತ್ರವನ್ನು ಶಿಷ್ಯನ ಅಂಗಡಿಗೆ ಕಳಿಸಿಬಿಟ್ಟರು. "ಮಾಸ್ಟರ್ ಕಾಲಿಗೆ ಏನೋ ಆಯ್ತಂತೆ" ಎಂದಷ್ಟೇ ಟೈಲರಣ್ಣ ಮನೆಯಲ್ಲಿ ಹೇಳಿದ್ದ. ಏನಾಯಿತೆಂದು ಹೆಂಡತಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ದಿನವಿಡೀ ಕತ್ತರಿಸುವ ಮಾತಾಡುವವನ ಬಾಯಲ್ಲಿ ಆ ಕಾಲಿನ ವಿಚಾರಕ್ಕೆ ಮಾತ್ರ ಆ ಪದ ಬರುತ್ತಿರಲಿಲ್ಲ. ಮಾಸ್ಟರನ್ನು ನೋಡಲು ಆತ ಒಮ್ಮೆಯೂ ಹೋಗಿರಲಿಲ್ಲ.

ಟೈಲರಣ್ಣನಿಗೆ ಐವತ್ತು ಹತ್ತಿರ. ಹೊಲಿದ ಬಟ್ಟೆ ಕೈಗಿಡುವಾಗ ಗಿರಾಕಿಗೆ ಹೇಳುವ ಮಾತು ಒಂದೇ: "ಒಳಗೆ ಬಟ್ಟೆ ಬಿಟ್ಟಿದೀನಿ, ಚಿಂತೆ ಬಿಡಿ." ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲೆಂದು ಪ್ಯಾಂಟಿನ ಹಿಂಬದಿಯಲ್ಲಿ ಮಡಚಿಡುವ ಬಟ್ಟೆ ಅದು. ತನ್ನ ಪ್ಯಾಂಟುಗಳಿಗೆ ಎಲ್ಲರಿಗಿಂತ ಧಾರಾಳವಾಗಿ ಬಿಟ್ಟುಕೊಂಡಿದ್ದ. ಚೂರು ಬಿಗಿ ಅನ್ನಿಸಿತೋ, ಮಧ್ಯಾಹ್ನದ ಬಿಡುವಿನಲ್ಲಿ ಬಿಚ್ಚಿ ಹೊಲಿದುಕೊಳ್ಳುತ್ತಿದ್ದ. ಉಳಿದವರಿಗೆ ಪ್ಯಾಂಟು ಬಿಗಿಯಾದರೆ ಅದೊಂದು ಎಚ್ಚರಿಕೆ. ಟೈಲರಣ್ಣನಿಗೆ ಆ ಎಚ್ಚರಿಕೆ ಇಷ್ಟು ವರ್ಷವೂ ತಲುಪಲೇ ಇಲ್ಲ.

ಬಂದ ಗಿರಾಕಿಗೆಲ್ಲ ಸಕ್ಕರೆ ಚಹಾ, ಜೊತೆಗೆ ತನಗೂ ಒಂದು. ಸಂಜೆ ಕರಿದ ತಿಂಡಿಯ ಪೊಟ್ಟಣ. ಮನೆ ಬೀದಿಯ ಆ ತುದಿ, ಅಂಗಡಿ ಈ ತುದಿ; ಅಷ್ಟಕ್ಕೂ ಸ್ಕೂಟರ್. ಯಾರಾದರೂ ಕೇಳಿದರೆ, "ದಿನವೆಲ್ಲ ಪೆಡಲ್ ತುಳೀತೀನಲ್ಲ, ಇನ್ಯಾವ ವ್ಯಾಯಾಮ?" ಎನ್ನುತ್ತಿದ್ದ.

ಮಾರನೆಯ ದಿನ ನಾದಿನಿ ಬಂದಳು. ಹೆಂಡತಿಯ ತಂಗಿ ಆಕೆ, ಆರೋಗ್ಯ ಕೇಂದ್ರದಲ್ಲಿ ನರ್ಸ್. ಕೈಯಲ್ಲಿ ಯೂನಿಫಾರಂ ಇತ್ತು.

"ಭಾವ, ಇದು ಸಡಿಲ ಆಗಿದೆ. ಒಳಗೆ ತಗೊಳ್ಳಿ."

"ಸಡಿಲಾನಾ! ಯಾಕಮ್ಮಾ, ನಿನ್ನ ಗಂಡ ಊಟ ಹಾಕ್ತಿಲ್ವಾ?"

"ಅಡುಗೆ ಅವರದ್ದೇ, ರುಚೀನೂ ಇರುತ್ತೆ. ಹಾಕಿದ್ದನ್ನೆಲ್ಲ ನಾನು ತಿನ್ನಲ್ಲ, ಅಷ್ಟೇ. ಎಲ್ಲಿ, ಕಾಲು ತೋರಿಸಿ."

"ಓಹೋ! ಅಕ್ಕ ತಂಗಿ ಸೇರಿ ಹೊಲಿದಿರೋ ಸಂಚಾ ಇದು?"

"ಹೌದು. ಹೊಲಿಗೆ ಗಟ್ಟಿಯಾಗಿದೆ, ಬಿಚ್ಚೋಕಾಗಲ್ಲ. ಕಾಲು ಕೊಡಿ."

ಗಾಯ ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ ತನ್ನ ಚೀಲದಿಂದ ಪೆನ್ನಿನಂಥ ಒಂದು ಹಿಡಿಕೆ ತೆಗೆದಳು. ಅದರ ತುದಿಯಲ್ಲಿ ನೈಲಾನಿನ ಒಂದು ಎಳೆ ನೆಟ್ಟಗೆ ನಿಂತಿತ್ತು.

"ನನ್ನ ಅಂಗಡೀಲಿ ನನಗೇ ದಾರ ತೋರಿಸ್ತೀಯಾ?"

"ಕಣ್ಣು ಮುಚ್ಚಿ ಭಾವ. ಎಳೆ ತಾಗಿದಾಗೆಲ್ಲ ಹೂಂ ಅನ್ನಿ." ಮೊದಲು ಅವನ ಅಂಗೈಗೆ ತಾಗಿಸಿದಳು.

"ಹೂಂ."

"ಇನ್ನು ಕಾಲು."

ಆತ ಕಣ್ಣು ಮುಚ್ಚಿದ. ಹೆಂಡತಿ ನೋಡುತ್ತಿದ್ದಳು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಆತ ಸುಮ್ಮನಿದ್ದ. ನಡುವಿನ ಬೆರಳಿಗೆ ತಾಗಿ ಬಾಗಿತು. ಸುಮ್ಮನಿದ್ದ. ಕಿರುಬೆರಳು, ಬೆರಳುಗಳ ಬುಡ, ಆಮೇಲೆ ಇನ್ನೊಂದು ಕಾಲು. ಟೈಲರಣ್ಣ ಕಣ್ಣು ಮುಚ್ಚಿಯೇ ಮುಗುಳ್ನಗುತ್ತಿದ್ದ.

"ಬೇಗ ಶುರು ಮಾಡಮ್ಮಾ, ಗಿರಾಕಿ ಬರೋ ಹೊತ್ತು."

ಎಳೆ ಹಿಮ್ಮಡಿಯ ಪಕ್ಕಕ್ಕೆ ಬಂತು.

"ಹೂಂ! ಈಗ ಶುರುವಾಯ್ತು."

"ಶುರುವಾಗಿದ್ದಲ್ಲ ಭಾವ. ಮುಗೀತು."

ಆತ ಕಣ್ಣು ತೆರೆದ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಸಕ್ಕರೆ ಕಾಯಿಲೆ ಇರಬಹುದು. ಅದು ಬಹಳ ದಿನ ಹತೋಟಿ ತಪ್ಪಿದ್ರೆ ಕಾಲಿನ ನರಗಳು ಸಾಯ್ತಾ ಬರ್ತವೆ. ನಾಳೆ ರಕ್ತ ಪರೀಕ್ಷೆ ಮಾಡಿಸೋಣ," ಎಂದಳು ನಾದಿನಿ.

"ನಂಗೆ ಅಂಥದ್ದೇನೂ ಇಲ್ಲ."

"ಪರೀಕ್ಷೆ ಮಾಡಿಸಿದೀರಾ?"

"ಇಲ್ಲ."

"ಮತ್ತೆ ಇಲ್ಲ ಅಂತ ಹೇಳಿದ್ದು ಯಾರು?"

"ನೋವೇ ಇಲ್ವಲ್ಲಮ್ಮಾ!"

"ನಂಗೆ ಭಯ ಆಗ್ತಿರೋದೇ ಅದಕ್ಕೆ."

ಆಕೆ ಹೊಟ್ಟೆ ಅಳೆಯಲು ಅವನ ಕೊರಳಿನ ಟೇಪು ಕೇಳಿದಳು. ಆತ ಅಭ್ಯಾಸಬಲದಿಂದ ಅದನ್ನು ಹೊಟ್ಟೆಯ ಕೆಳಗೆ, ಪ್ಯಾಂಟು ನಿಲ್ಲುವ ಕಡೆ ಸುತ್ತಿಕೊಂಡ. ಆಕೆ ಟೇಪನ್ನು ಮೇಲಕ್ಕೆ ಸರಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿದಳು. "ಉಸಿರು ಬಿಡಿ. ಹೊಟ್ಟೆ ಒಳಗೆಳ್ಕೋಬೇಡಿ, ನಾನು ಹೆಣ್ಣು ನೋಡೋಕೆ ಬಂದಿಲ್ಲ." ನೂರಾ ಆರು ಸೆಂಟಿಮೀಟರ್. "ನಮ್ಮ ದೇಶದ ಗಂಡಸರಿಗೆ ತೊಂಬತ್ತು, ಹೆಂಗಸರಿಗೆ ಎಂಬತ್ತು ದಾಟಿದ್ರೆ ಎಚ್ಚರ ಆಗ್ಬೇಕು. ದಪ್ಪ ಇರೋರಿಗೆಲ್ಲ ಈ ಕಾಯಿಲೆ ಬರುತ್ತೆ ಅಂತಿಲ್ಲ, ತೆಳ್ಳಗಿರೋರಿಗೂ ಬರಬಹುದು. ಆದ್ರೆ ಹೊಟ್ಟೆ ಸುತ್ತ ಕೊಬ್ಬು ಬೆಳೆದಷ್ಟೂ ಅಪಾಯ ಹೆಚ್ಚು."

ಮೂಲೆಯಲ್ಲಿ ನೇತುಹಾಕಿದ್ದ ಅವನ ಇನ್ನೊಂದು ಪ್ಯಾಂಟನ್ನು ಆಕೆ ಒಳಮೈ ಹೊರಗೆ ಮಾಡಿ ಹಿಡಿದಳು. ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿತೂತುಗಳು ಒಂದರ ಪಕ್ಕ ಒಂದು ಸಾಲು ಸಾಲಾಗಿದ್ದವು. ಕೊನೆಯ ಹೊಲಿಗೆ ಬಟ್ಟೆಯ ಅಂಚಿಗೇ ಬಂದು ನಿಂತಿತ್ತು.

"ಇನ್ನು ಬಿಡೋಕೆ ಎಷ್ಟಿದೆ ಭಾವ?"

ಆತ ಆ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ರಕ್ತನಾಳಕ್ಕೆ, ನರಕ್ಕೆ ಯಾರೂ ಒಳಗೆ ಬಟ್ಟೆ ಬಿಟ್ಟಿರಲ್ಲ."

"ನಾಳೆ ನೋಡೋಣ," ಎಂದ ಟೈಲರಣ್ಣ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು.

ಸಂಜೆ ಅಂಗಡಿ ಮುಚ್ಚಿ ಆತ ಮನೆಗೆ ಹೋಗಲಿಲ್ಲ. ಮಾಸ್ಟರ ಮನೆಗೆ ಹೋದ.

ಮಾಸ್ಟರ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಪ್ಯಾಂಟಿನ ಬಲಗಾಲನ್ನು ಮೊಣಕಾಲಿನ ಕೆಳಗೆ ಮಡಚಿ ಹೊಲಿದಿತ್ತು. ಅಷ್ಟು ನೇರವಾದ ಹೊಲಿಗೆ ಅವರದ್ದೇ ಇರಬೇಕು. ಉಳಿದ ಬಟ್ಟೆಯನ್ನು ಅವರು ಕತ್ತರಿಸಿರಲಿಲ್ಲ. ಒಳಗೆ ಮಡಚಿಟ್ಟಿದ್ದರು.

"ಬರೋಕೆ ಇಷ್ಟು ಕಾಲ ಬೇಕಾಯ್ತೇನೋ?" ಎಂದು ನಕ್ಕರು. ಆಮೇಲೆ ಶಿಷ್ಯನ ಕಾಲಿನ ಪಟ್ಟಿ ನೋಡಿ ನಗು ನಿಲ್ಲಿಸಿದರು.

ಟೈಲರಣ್ಣ ತಗ್ಗಿದ ದನಿಯಲ್ಲಿ ಕೇಳಿದ: "ಆಗ ತುಂಬಾ ನೋವಿತ್ತಾ ಮಾಸ್ಟರ್?"

"ನೋವಿದ್ದಿದ್ರೆ ಕಾಲಿರ್ತಿತ್ತು ಕಣೋ." ಮಾಸ್ಟರ್ ತೊಡೆಯನ್ನು ನೇವರಿಸಿಕೊಂಡರು. "ಚಪ್ಪಲಿ ಕಚ್ಚಿ ಒಂದು ಗುಳ್ಳೆ ಎದ್ದಿತ್ತು. ನೋಯ್ತಿಲ್ಲ ಅಂತ ಬಿಟ್ಟೆ. ನೋಯ್ತಿಲ್ಲ ಅಂತ ಖುಷೀನೂ ಪಟ್ಟೆ. ವಾಸನೆ ಬಂದಾಗ ಸೊಸೆ ಬಗ್ಗಿ ನೋಡಿದ್ಲು. ಅಷ್ಟು ಹೊತ್ತಿಗೆ ಮೂಳೆಗೆ ಇಳಿದಿತ್ತು. ಕತ್ತರಿಸಿದ್ರು."

ಆ ಪದವನ್ನು ಅವರು ಮೆಲ್ಲಗೆ, ಮಾಮೂಲಿನಂತೆ ಹೇಳಿದರು. ಟೈಲರಣ್ಣ ಪಟ್ಟಿ ಕಟ್ಟಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಮರುದಿನ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಆತ ಅಲ್ಲಿ ನಿಂತಿದ್ದ. ಹೆಂಡತಿಯೂ ಜೊತೆಗಿದ್ದಳು. ಕಳೆದ ಮೂರು ತಿಂಗಳಲ್ಲಿ ಸಕ್ಕರೆ ಎಷ್ಟಿತ್ತೆಂದು ಹೇಳುವ ರಕ್ತ ಪರೀಕ್ಷೆ ಮಾಡಿದರು. ನಾದಿನಿಯ ಅಂದಾಜು ನಿಜವಾಯಿತು. ವೈದ್ಯರು ಗಾಯ ಪರೀಕ್ಷಿಸಿ, ಸಕ್ಕರೆಗೂ ಗಾಯಕ್ಕೂ ಮಾತ್ರೆ ಬರೆದು, ಸೋಂಕು ಮೇಲಷ್ಟೇ ಇದೆ ಎಂದರು. "ಎರಡು ವಾರ ತಡವಾಗಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿತ್ತೋ ಇಲ್ವೋ. ಈಗ ತೂಕ ಇಳಿಸಿ. ನೂರು ಕಿಲೋ ಇದ್ದವರು ಐದು ಇಳಿಸಿದ್ರೂ ಸಕ್ಕರೆ ಹತೋಟಿಗೆ ಸಹಾಯ ಆಗುತ್ತೆ."

ಭಯಬಿದ್ದವನು ಲೆಕ್ಕ ತಪ್ಪುತ್ತಾನೆ. ಟೈಲರಣ್ಣ ಮಾತ್ರೆ ನುಂಗಿ ಊಟವನ್ನೇ ಬಿಟ್ಟ. ಎರಡನೆಯ ದಿನ ಕತ್ತರಿ ಹಿಡಿದ ಕೈ ನಡುಗಿತು, ಮೈಯೆಲ್ಲ ತಣ್ಣನೆ ಬೆವರಿತು, ಸೀಮೆಸುಣ್ಣದ ಗೆರೆ ಎರಡೆರಡಾಗಿ ಕಂಡಿತು. ಹೆಂಡತಿ ತಂಗಿಗೆ ಫೋನ್ ಮಾಡಿ, ಅವಳು ಹೇಳಿದಂತೆ ತಕ್ಷಣ ಸಕ್ಕರೆ ನೀರು ಕುಡಿಸಿದಳು. ನಾದಿನಿ ಓಡಿಬಂದಾಗ ಆತ ಗೋಡೆಗೊರಗಿ ಕುಳಿತಿದ್ದ.

"ಸಕ್ಕರೆ ಮಾತ್ರೆ ತಗೊಂಡು ಊಟ ಬಿಡಬಾರದು ಭಾವ. ಸಕ್ಕರೆ ತೀರಾ ಇಳಿದ್ರೂ ಪ್ರಾಣಕ್ಕೆ ಕುತ್ತು. ಬಟ್ಟೆಯಾದ್ರೆ ಒಂದೇ ಸಲ ಕತ್ತರಿಸಬಹುದು. ಮೈಗೆ ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ, ಸ್ವಲ್ಪ ಸ್ವಲ್ಪಾನೇ ಒಳಗೆ ತಗೋಬೇಕು."

"ಹಾಗಾದ್ರೆ ಏನು ತಿನ್ನಲಿ? ಹುಲ್ಲಾ?"

"ಹುಲ್ಲು ಬೇಡ, ಅಕ್ಕ ಮಾಡಿದ್ದನ್ನೇ ತಿನ್ನಿ. ಅರ್ಧ ತಟ್ಟೆ ತರಕಾರಿ, ಸೊಪ್ಪು. ಕಾಲು ಭಾಗ ಕಾಳೋ ಮೊಟ್ಟೆಯೋ. ಉಳಿದ ಕಾಲು ಭಾಗ ಅನ್ನ. ಹೊತ್ತಿಗೆ ಸರಿಯಾಗಿ, ನಿಧಾನವಾಗಿ ತಿನ್ನಿ. ಚಹಾಕ್ಕೆ ಸಕ್ಕರೆ ಬೇಡ. ಗಿರಾಕಿಗೆ ಕೊಟ್ಟಾಗೆಲ್ಲ ನೀವೂ ಕುಡೀಬೇಕು ಅಂತ ಕಾನೂನಿಲ್ಲ. ವಯಸ್ಸಾದ ಹಾಗೆ ಮಾಂಸಖಂಡ ಕರಗುತ್ತೆ. ಮೂವತ್ತರಲ್ಲಿ ಅರಗಿಸಿದ್ದು ಐವತ್ತರಲ್ಲಿ ಹೊಟ್ಟೆ ಮೇಲೆ ಕೂರುತ್ತೆ."

"ನಡಿಗೆ?"

"ಗಾಯ ಮಾಯೋವರೆಗೆ ಬೇಡ. ಕುರ್ಚೀಲಿ ಕೂತು ಕೈಗೆ ವ್ಯಾಯಾಮ ಮಾಡಿ. ಆಮೇಲೆ ದಿನಾ ಅರ್ಧ ಗಂಟೆ, ವಾರಕ್ಕೆ ಐದು ದಿನವಾದ್ರೂ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ."

"ಇವರು ನಿಂತಾಗ್ಲೂ ಹಾಡಿದ್ದಿಲ್ಲ, ಬಿಡು," ಎಂದಳು ಹೆಂಡತಿ. ಆ ವಾರದಲ್ಲಿ ಅಂಗಡಿಯಲ್ಲಿ ಕೇಳಿದ ಮೊದಲ ನಗು ಅದು.

ಟೇಪನ್ನು ಅವಳು ತನ್ನ ಹೊಟ್ಟೆಗೂ ಸುತ್ತಿ ನೋಡಿಕೊಂಡಳು. ಎಂಬತ್ತು ದಾಟಿತ್ತು. ಅಂದಿನಿಂದ ಮನೆಯಲ್ಲಿ ಇಬ್ಬರಿಗೂ ಒಂದೇ ತಟ್ಟೆಯ ಲೆಕ್ಕ. ಅವನು ಕೆಲವು ಸಂಜೆ ಪೊಟ್ಟಣ ತಂದು ಸಿಕ್ಕಿಬಿದ್ದ. ಅವಳೂ ಒಂದೆರಡು ಬಾರಿ ಅದರಲ್ಲಿ ಪಾಲು ತಗೊಂಡು ಸುಮ್ಮನಾದಳು. ಮರುದಿನ ಮತ್ತೆ ಲೆಕ್ಕಕ್ಕೆ ಬಂದರು. ಗಾಯ ಮಾಯಿತು. ಮುಚ್ಚಿದ ಶೂ ಬಂತು. ಸ್ಕೂಟರ್ ಮನೆಯಲ್ಲೇ ಉಳಿಯಿತು.

ಬೇಸಿಗೆ ಕಳೆಯುವ ಹೊತ್ತಿಗೆ ಪ್ಯಾಂಟು ಜಾರತೊಡಗಿತು. ಟೈಲರಣ್ಣ ಅದನ್ನು ಬಿಚ್ಚಿ, ಹಳೆಯ ತೂತುಗಳ ಎರಡು ಸಾಲು ದಾಟಿ ಒಳಗೆ ಹೊಸ ಹೊಲಿಗೆ ಹಾಕಿದ. ಮಿಕ್ಕ ಬಟ್ಟೆಯನ್ನು ಕತ್ತರಿಸಿ ಎಸೆದ. ಇನ್ನು ಬಿಗಿಯಾದರೆ ಬಿಗಿಯಾಗಿಯೇ ಗೊತ್ತಾಗಲಿ ಎಂದ.

ಆದರೆ ಬೆರಳುಗಳಿಗೆ ಸ್ಪರ್ಶ ಮರಳಿಲ್ಲ. ಮರಳುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಶೂ ಹಾಕುವ ಮುನ್ನ ಆತ ಅದನ್ನು ಕೊಡವಿ, ಒಳಗೆ ಕೈಹಾಕಿ ತಡವುತ್ತಾನೆ. ದಿನಾ ಸಂಜೆ ಕಾಲು ನೀಡಿ ಕುಳಿತುಕೊಳ್ಳುತ್ತಾನೆ. ಹೆಂಡತಿ ದೀಪದ ಬೆಳಕಿಗೆ ಅಂಗಾಲು ತಿರುಗಿಸಿ, ಬೆರಳ ಸಂದುಗಳನ್ನೂ ಬಿಡದೆ ನೋಡುತ್ತಾಳೆ. ಆ ಹೊತ್ತಿನಲ್ಲಿ ಇಬ್ಬರೂ ತಮಾಷೆ ಮಾಡುವುದಿಲ್ಲ.

"ಏನಿದೆ?"

"ಏನೂ ಇಲ್ಲ."

ಆ ಎರಡು ಮಾತು ಕಿವಿಗೆ ಬಿದ್ದ ಮೇಲೆಯೇ ಆತ ಉಸಿರು ಬಿಡುವುದು.

ಓದುತ್ತಿರುವವರೇ, ಕೇಳುತ್ತಿರುವವರೇ, ಈಗ ನಿಮ್ಮ ಮಾತಿಗೆ ಬರೋಣ. ಕಳೆದ ವರ್ಷ ನೀವು ಎಷ್ಟು ಹೊಲಿಗೆ ಬಿಚ್ಚಿಸಿದಿರಿ? ಬೆಲ್ಟಿಗೆ ಎಷ್ಟು ಹೊಸ ತೂತು ಹಾಕಿಸಿದಿರಿ? ಇಂದೇ ಒಂದು ಟೇಪು ತಂದು ಹೊಟ್ಟೆಯ ಅಳತೆ ನೋಡಿ. ವಯಸ್ಸು ನಲವತ್ತು ದಾಟಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಮಾತ್ರೆ ತೆಗೆದುಕೊಳ್ಳುವವರು ಊಟದ ಕ್ರಮ ಬದಲಿಸುವ ಮುನ್ನ ವೈದ್ಯರನ್ನು ಕೇಳಿ. ನಿಮ್ಮ ಮನೆಯವರ ಅಂಗಾಲನ್ನೂ ಒಮ್ಮೆ ಬಗ್ಗಿ ನೋಡಿ. ನೋವಿಲ್ಲ ಎಂದು ನೆಮ್ಮದಿಯಾಗಿ ಕೂರಬೇಡಿ. ಬಿಗಿಯಾದ ಬಟ್ಟೆಯನ್ನು ಬಿಚ್ಚಿ ಹೊಲಿಯಬಹುದು. ಕಾಲಿಗೆ ಒಳಗೆ ಬಿಟ್ಟ ಬಟ್ಟೆ ಇಲ್ಲ.