ಬಾವಿಗೆ ಇಳಿದ ಇಂಜಿನ್ನು

ಹನೂರಿನ ಹೊರವಲಯದಲ್ಲಿ ಸದಾಶಿವಪ್ಪನವರ ಹೊಲದ ಬಾವಿಗೆ ಎತ್ತು ಕಟ್ಟಿ ನೀರೆತ್ತುವ ಎರಡು ಕಪಿಲೆಗಳಿದ್ದವು. ಮೂಡಣ ದಡದ್ದು ಸದಾಶಿವಪ್ಪನವರದು. ಪಡುವಣ ದಡದ್ದು ತೀರಿಹೋದ ಅವರ ತಮ್ಮನ ಹೆಂಡತಿ ಚನ್ನಮಲ್ಲಮ್ಮನದು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಎರಡು ಪಾಲಾಯಿತು. ಬಾವಿಯನ್ನು ಮಾತ್ರ ಸೀಳುವುದಕ್ಕಾಗಲಿಲ್ಲ. ಮೂಡಣ ಕಪಿಲೆ ಹೊಡೆಯುವವನು ಮಾರಯ್ಯ. ಪಡುವಣದ್ದು ಅವನ ಒಡಹುಟ್ಟಿದ ತಮ್ಮ ಪುಟ್ಟಸಿದ್ದಯ್ಯನ ಕೈಯಲ್ಲಿತ್ತು.

ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನೆ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಹಿಮ್ಮೆಟ್ಟಿದರೆ ಮತ್ತೆ ಬಾವಿಗೆ ಇಳಿಯುತ್ತಿತ್ತು. ಎತ್ತುಗಳ ನಡಿಗೆಗೆ ಸರಿಯಾಗಿ ಈ ದಡದವನು ಒಂದು ಸೊಲ್ಲು ಎತ್ತಿದರೆ ಆ ದಡದವನು ಅದನ್ನು ಮುಗಿಸುತ್ತಿದ್ದ. ಹಾಡು ಹಾಡಿಗಷ್ಟೇ ಆಗಿರಲಿಲ್ಲ. ಅದು ನಿಂತರೆ ಆಚೆಯವನಿಗೆ ಏನೋ ತೊಡಕಾಗಿದೆ ಎಂದು ಈಚೆಯವನಿಗೆ ತಿಳಿಯುತ್ತಿತ್ತು. ಬಾನೆ ಕಲ್ಲಿಗೆ ಸಿಕ್ಕಿಕೊಂಡು ಬಿಡಿಸಲು ಇಳಿಯಬೇಕಾದಾಗ ಪುಟ್ಟಸಿದ್ದಯ್ಯ, "ಅಣ್ಣೋ, ಇಳೀತಾ ಇವ್ನಿ!" ಎಂದು ಕೂಗುವನು. "ಇಳೀಲಾ, ನೋಡ್ಕತೀನಿ!" ಎಂದು ಮಾರಯ್ಯ ತನ್ನ ಎತ್ತುಗಳನ್ನು ನಿಲ್ಲಿಸುವನು. ಅವರಪ್ಪ ಕಲಿಸಿದ್ದೇ ಹಾಗೆ.

ಸದಾಶಿವಪ್ಪನವರ ಹೆಂಡತಿಯ ತವರು ಸತ್ತೇಗಾಲ. ಅಲ್ಲಿ ಕಾವೇರಿಯ ನೀರಿಗೆ ಆಳೆತ್ತರ ಬೆಳೆದ ಕಬ್ಬನ್ನು ನೋಡಿ ಬಂದಾಗಲೆಲ್ಲ ಅವರು ತಮ್ಮ ಹೊಲದ ಬದುವಿನ ಮೇಲೆ ನಿಂತು ಸುಮ್ಮನೆ ನೋಡುತ್ತಿದ್ದರು. ಕಪಿಲೆಯ ನೀರು ತೋಟಕ್ಕೆ ಸಾಕು, ಕಬ್ಬಿಗೆ ಸಾಲದು. ಕೊಯಮತ್ತೂರಿನ ಕಡೆ ಬಾವಿ ಬಾವಿಗೂ ಎಣ್ಣೆ ಇಂಜಿನ್ ಬಂದಿದೆ ಎಂದು ಅವರಿಗೆ ಸಂತೆಯಲ್ಲಿ ಯಾರೋ ಹೇಳಿದರು. ಒಂದು ದಿನ ಸತ್ಯಮಂಗಲದ ಘಾಟಿ ಹತ್ತಿ ಬಂದ ಲಾರಿಯೊಂದು ಹೊಲದ ಅಂಚಿನಲ್ಲಿ ನಿಂತಿತು. ಇಂಜಿನ್ನು, ಪಂಪು, ಕೊಳವೆಗಳು, ಎಣ್ಣೆಯ ಪೀಪಾಯಿ ಇಳಿದವು, ಜೊತೆಗೆ ತಮಿಳು ಮಾತಾಡುವ ಒಬ್ಬ ಮೆಕ್ಯಾನಿಕ್ಕೂ ಇಳಿದ.

ಹ್ಯಾಂಡಲ್ ಸುತ್ತುವುದನ್ನು ಕಲಿಯಬೇಕಾದವನು ಮಾರಯ್ಯನೇ. ಮೊದಲು ಅವನ ಮಣಿಕಟ್ಟು ಉಳುಕಿತು. ಆಮೇಲೆ ಕೈ ಕುದುರಿತು. ಇಂಜಿನ್ನು ಡುಬ್ ಡುಬ್ ಎಂದು ಕೆಮ್ಮಿ ಓಡತೊಡಗಿ, ಕೊಳವೆಯಿಂದ ನೀರು ತೊಡೆಗಾತ್ರ ಧುಮುಕಿದಾಗ ಮಾರಯ್ಯನಿಗೆ ತಡೆಯಲಾಗಲಿಲ್ಲ. ಆ ನೀರಿಗೆ ತಲೆಯೊಡ್ಡಿ ನಕ್ಕುಬಿಟ್ಟ. ಜನ ಬಂದು ನೋಡಿದರು. ಅವನಿಗೆ ಇಂಜಿನ್ ಮಾರಯ್ಯ ಎಂದು ಹೆಸರೂ ಬಿತ್ತು.

ಮರುವಾರ ಸದಾಶಿವಪ್ಪನವರು ಕಪಿಲೆಯ ಎತ್ತುಗಳನ್ನು ಸಂತೆಗೆ ಹೊಡೆಸಿದರು. ಹೊಡೆದುಕೊಂಡು ಹೋದವನೂ ಮಾರಯ್ಯನೇ. ಬರಿಗೈಯಲ್ಲಿ ಹಿಂತಿರುಗಿದಾಗ ಪುಟ್ಟಸಿದ್ದಯ್ಯ ಇಳಿಜಾರಿನ ಮೇಲೆ ನಿಂತಿದ್ದ.

"ಕೊಟ್ಬುಟ್ರಾ ಅಣ್ಣ?"

"ಕೊಟ್ಬುಟ್ರು ಕಣ್ಲಾ."

"ಯಾವ ಊರ್ನೋರ್ಗ?"

"ನಾ ಕೇಳ್ನಿಲ್ಲ," ಎಂದ ಮಾರಯ್ಯ. ಕೇಳಬೇಕು ಎಂದು ಅವನಿಗೆ ಹೊಳೆದದ್ದೇ ಆಗ.

ಆಮೇಲೆ ಕೆಲವು ದಿನ ಪುಟ್ಟಸಿದ್ದಯ್ಯ ಆ ದಡದಲ್ಲಿ ಒಬ್ಬನೇ ಹಾಡಿದ. ಇಂಜಿನ್ನಿನ ಸದ್ದಿನಲ್ಲಿ ಅಣ್ಣನಿಗೆ ಅವನ ಬಾಯಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಕೊನೆಗೆ ಅವನೂ ಬಿಟ್ಟ.

ಅದಕ್ಕಿಂತ ದೊಡ್ಡ ತೊಂದರೆ ನೀರಿನದಾಯಿತು. ಬೆಳಿಗ್ಗೆ ಇಂಜಿನ್ನು ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಬಾವಿಯ ನೀರು ಆಳಕ್ಕೆ ಇಳಿದುಬಿಡುವುದು. ಪಡುವಣ ಕಪಿಲೆಯ ಬಾನೆ ಪೂರ್ತಿ ಮುಳುಗದೆ ಅರ್ಧವೇ ತುಂಬಿ ಬರುವುದು. ಚನ್ನಮಲ್ಲಮ್ಮ ಗಂಡ ಸತ್ತ ಮೇಲೆ ಹಿಪ್ಪುನೇರಳೆ ತೋಟವನ್ನೇ ನಂಬಿ, ಮನೆಯಲ್ಲಿ ರೇಷ್ಮೆ ಹುಳು ಸಾಕಿ ಬದುಕುತ್ತಿದ್ದವಳು. ಸೊಪ್ಪು ಬಾಡಿತು. ಆಕೆ ಒಂದು ದಿನ ಸೆರಗು ಬಿಗಿದು ಬಾವನ ಎದುರು ಬಂದು ನಿಂತಳು.

"ಬಾವಾರೆ, ಹುಳ ಮೂರನೇ ಜ್ವರಕ್ಕ ಕೂತವ, ಪೊರೆ ಬುಡ್ತಾವ. ಎದ್ದ ಮ್ಯಾಲ ಏನ ತಿನ್ಸನೆ? ನಿಮ್ಮ ಮಿಷಿನ್ನ ವಸಿ ನಿಲ್ಸಿ."

ಸದಾಶಿವಪ್ಪನವರು ಕೆಟ್ಟವರಲ್ಲ. ಅರ್ಧ ದಿನ ಮಾತ್ರ ಓಡಿಸುವುದೆಂದು ಒಪ್ಪಿದರು. ಒಂದಷ್ಟು ದಿನ ಹಾಗೆಯೇ ನಡೆಸಿದರು. ಆಮೇಲೆ ಕಬ್ಬು ಮೊಳಕಾಲೆತ್ತರ ಬಂತು, ಮಾತು ಮರೆತುಹೋಯಿತು.

ಆ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಎಣ್ಣೆ ನಿಂತಿತು. ಪೀಪಾಯಿ ತರಲು ಕೊಳ್ಳೇಗಾಲಕ್ಕೆ ಹೋದ ಮಾರಯ್ಯನಿಗೆ ಅಂಗಡಿಯ ರುದ್ರಸ್ವಾಮಿ ಖಾಲಿ ಪೀಪಾಯಿಯನ್ನೇ ಒದ್ದು ತೋರಿಸಿದ. "ಸಮುದ್ರದಾಚೆ ಅದ್ಯಾವುದೋ ದೇಸದಲ್ಲಿ ಎಣ್ಣೆ ಬಾವಿ ನಮ್ದು ತಮ್ದು ಅಂತ ಜಗಳವಂತೆ ಕಣಯ್ಯ. ಹಡಗು ಬರ್ತಾ ಇಲ್ವಂತೆ. ನಂಗೂ ಅಷ್ಟೇ ಗೊತ್ತು."

ಮಾರಯ್ಯ ಬಂದು ಹೇಳಿದ್ದನ್ನು ಕೇಳಿ ಪುಟ್ಟಸಿದ್ದಯ್ಯ ಬಿದ್ದು ಬಿದ್ದು ನಕ್ಕ. "ಅವರ ಬಾವಿ ಜಗಳಕ್ಕ ನಮ್ಮ ಬಾವಿ ನೀರು ನಿಂತೋಯ್ತಾ ಅಣ್ಣ? ಇದೆಂಥ ನ್ಯಾಯ!"

ಕಬ್ಬು ಒಣಗತೊಡಗಿತು. ಮೂರು ಸಂಜೆ ಹಿಂದೆಮುಂದೆ ನೋಡಿ, ಸದಾಶಿವಪ್ಪನವರು ತಮ್ಮನ ಹೆಂಡತಿಯ ಜಗುಲಿಗೆ ಹೋದರು. ಕೂರಲಿಲ್ಲ. ಎತ್ತು ಬೇಕಿತ್ತು ಎಂದರು. ಚನ್ನಮಲ್ಲಮ್ಮ ಆಡಬಹುದಾಗಿದ್ದ ಮಾತು ಬೇಕಾದಷ್ಟಿತ್ತು. ಆಕೆ, "ಅರ್ಧ ದಿನ ನಂಗ, ಅರ್ಧ ದಿನ ನಿಮ್ಗ. ಬಿಸ್ಲೊತ್ನಲ್ಲಿ ಕಟ್ಟಬ್ಯಾಡಿ, ಎಡಗಡೇದು ಮುದಿ ಎತ್ತು," ಎಂದಷ್ಟೇ ಹೇಳಿದಳು.

ಇಂಜಿನ್ನು ಸುಮ್ಮನಿದ್ದ ಮೇಲೆ ಬಾವಿಯಲ್ಲಿ ನೀರು ಮೆಲ್ಲಗೆ ಏರಿತು. ಬೆಳಿಗ್ಗೆ ತಮ್ಮ, ಬಿಸಿಲು ಇಳಿದ ಮೇಲೆ ಅಣ್ಣ ಕಪಿಲೆ ಹೊಡೆದರು. ಮಾರಯ್ಯನ ಅಂಗೈ ಮೆತ್ತಗಾಗಿತ್ತು, ಹಗ್ಗ ಉಜ್ಜಿ ಬೊಬ್ಬೆ ಎದ್ದಿತು. ಹಾಡಲು ಹೋದರೆ ಉಸಿರು ಮುರಿಯುತ್ತಿತ್ತು. ಆದರೂ ಆ ದಿನಗಳಲ್ಲಿ ಅವನಿಗೆ ಊಟ ರುಚಿಸಿತು, ನಿದ್ದೆ ಬಂತು. ಹಿಪ್ಪುನೇರಳೆ ಚಿಗುರಿತು. ಕಬ್ಬು ಅರ್ಧ ಉಳಿಯಿತು, ಅರ್ಧ ಸುಟ್ಟುಹೋಯಿತು.

ಆ ಸುಟ್ಟ ಅರ್ಧವೇ ಸದಾಶಿವಪ್ಪನವರ ಕಣ್ಣಿನಿಂದ ಹೋಗಲಿಲ್ಲ. ಎಣ್ಣೆ ಮತ್ತೆ ಬಂದ ಕೂಡಲೇ ಕೊಯಮತ್ತೂರಿನ ಮೆಕ್ಯಾನಿಕ್ಕನ್ನು ಕರೆಸಿದರು. ಪಂಪು ಅಷ್ಟು ಆಳದಿಂದ ಹೀರಲಾರದು, ಇನ್ನಷ್ಟು ನೀರು ಬೇಕಾದರೆ ಇಂಜಿನ್ನನ್ನೇ ಬಾವಿಯೊಳಗೆ ಇಳಿಸಬೇಕು ಎಂದು ಅವನು ಹೇಳಿದ. ಬಾವಿಯ ನಡುಮಟ್ಟದಲ್ಲಿ ಚಪ್ಪಡಿ ಹಾಸಿ ಕಟ್ಟೆ ಮಾಡಿ, ಇಂಜಿನ್ನನ್ನು ಹಗ್ಗ ಹಾಕಿ ಇಳಿಸಿ ಕೂರಿಸಿದರು. ಹೊಗೆ ಹೋಗುವ ಕೊಳವೆ ಬಾವಿಯ ಬಾಯಿ ದಾಟಿ ಮೇಲೆ ಬರಬೇಕು, ಅಷ್ಟುದ್ದದ್ದು ಕಳಿಸುತ್ತೇನೆ, ಅಲ್ಲಿಯ ತನಕ ಮುಟ್ಟಬೇಡಿ ಎಂದು ಹೇಳಿ ಮೆಕ್ಯಾನಿಕ್ಕು ಬಸ್ಸು ಹತ್ತಿದ.

ಕೊಳವೆ ಬರುವುದು ತಡವಾಯಿತು. ಸದಾಶಿವಪ್ಪನವರು ಕಾಯಲಿಲ್ಲ. ಮೊದಲ ದಿನ ಇಂಜಿನ್ನು ಹಚ್ಚಿ ಮೇಲೆ ಹತ್ತಿ ಬಂದ ಮಾರಯ್ಯ ತಲೆ ಹಿಡಿದುಕೊಂಡು ಕೂತ.

"ಬುದ್ದಿ, ತಲ ಸುತ್ತುತದ. ಹೊಗ ಎಲ್ಲ ಒಳಗೇ ನಿಂತ್ಕತದ. ಕೊಳವೆ ಬರಗಂಟ ತಡಕಳಿ."

"ಎರಡು ದಿನದ ಮಾತು ಕಣ್ಲಾ ಮಾರ. ಸ್ಟಾರ್ಟ್ ಮಾಡ್ಬುಟ್ಟು ದಡದಡ ಮ್ಯಾಲಕ್ಕ ಬಂದ್ಬುಡು. ಅಲ್ಲಿ ಕೂರು ಅಂದೋರ್ಯಾರು?"

ಮಾರಯ್ಯ ಎದ್ದು ಹೋದ. ತಮ್ಮನಿಗೆ ಮಾತ್ರ, ಇಂಜಿನ್ನು ಓಡುವಾಗ ಬಾವಿಗೆ ಇಳಿಯಬೇಡ, ಏನೇ ಆದರೂ ತನ್ನನ್ನು ಕರೆ ಎಂದು ಹೇಳಿದ.

ಮಾರನೆಯ ದಿನ ಬೆಳಿಗ್ಗೆ ಇಂಜಿನ್ನು ಹಚ್ಚಿ, ಗುದ್ದಲಿ ಹೆಗಲಿಗೇರಿಸಿ, ಮಾರಯ್ಯ ನೀರು ತಿರುಗಿಸಲು ಕಬ್ಬಿನ ತುದಿಗೆ ಹೋದ. ಆ ಹೊತ್ತಿಗೆ ಪಡುವಣ ಕಪಿಲೆಯ ಬಾನೆ ಹೊಸ ಕಟ್ಟೆಯ ಚಪ್ಪಡಿಗೆ ಸಿಕ್ಕಿಕೊಂಡಿತು. ಪುಟ್ಟಸಿದ್ದಯ್ಯ ಎತ್ತುಗಳನ್ನು ನಿಲ್ಲಿಸಿ ಅಣ್ಣನನ್ನು ಕೂಗಿದ. ಬಾವಿಯ ಬಾಯಿಗೆ ಬಂದು ಕೂಗಿದ, ಬದುವಿನ ಮೇಲೆ ನಿಂತು ಕೂಗಿದ. ಬಾವಿಯೊಳಗಿನ ಸದ್ದು ಹೊಲವನ್ನೆಲ್ಲ ತುಂಬಿತ್ತು. ಸೊಪ್ಪು ಕೊಯ್ಯುತ್ತಿದ್ದ ಚನ್ನಮಲ್ಲಮ್ಮನಿಗೆ ಅವನು ಕೈಬೀಸುವುದು ಕಂಡಿತು, ಕೂಗು ಕೇಳಲಿಲ್ಲ. ಹಗ್ಗ ಬಿಗಿದು ಮುದಿ ಎತ್ತಿನ ಕುತ್ತಿಗೆ ಜಗ್ಗುತ್ತಿತ್ತು. ಅದನ್ನು ನೋಡಲಾರದೆ, ಒಂದು ಗಳಿಗೆಯ ಕೆಲಸ ತಾನೆ ಎಂದುಕೊಂಡು ಅವನು ಮೆಟ್ಟಿಲಿಳಿದ.

ಮಾರಯ್ಯ ತಲೆಯೆತ್ತಿ ನೋಡಿದಾಗ ಚನ್ನಮಲ್ಲಮ್ಮ ಬದುವಿನ ಮೇಲೆ ಸೆರಗು ಜಾರಿದ ಅರಿವೂ ಇಲ್ಲದೆ ಓಡಿ ಬರುತ್ತಿದ್ದಳು. ಅವಳ ಬಾಯಿ ತೆರೆದಿತ್ತು. ಏನು ಹೇಳುತ್ತಿದ್ದಾಳೆಂದು ತಿಳಿಯದಿದ್ದರೂ ಅವನು ಗುದ್ದಲಿ ಬಿಸಾಕಿ ಓಡಿದ.

ಬಾವಿಯೊಳಗೆ ನೀಲಿ ಹೊಗೆ ತೇಲುತ್ತಿತ್ತು. ಕಟ್ಟೆಯ ಅಂಚಿನಲ್ಲಿ ತಮ್ಮ ಮುಖ ಕೆಳಗೆ ಮಾಡಿ ಬಿದ್ದಿದ್ದ. ಒಂದು ಕೈ ಬಾನೆಯ ಮೇಲೇ ಇತ್ತು. ಮಾರಯ್ಯ ಟವಲನ್ನು ದಡದ ನೀರಿನ ತೊಟ್ಟಿಯಲ್ಲಿ ಅದ್ದಿ ಮೂಗುಬಾಯಿಗೆ ಕಟ್ಟಿ, ಉಸಿರು ಬಿಗಿಹಿಡಿದು ಇಳಿದ. ಮೊದಲು ಇಂಜಿನ್ನಿನ ಕೀಲು ಎಳೆದ. ಸದ್ದು ನಿಂತಿತು. ಸೊಂಟದ ಕುಡುಗೋಲಿನಿಂದ ಬಾನೆಯ ಕಟ್ಟು ಕೊಯ್ದು, ಕಪಿಲೆಯ ಹಗ್ಗವನ್ನು ತಮ್ಮನ ಕಂಕುಳಿನಡಿ ಬಿಗಿದ. ಅಷ್ಟರಲ್ಲಿ ಉಸಿರು ತೀರಿತು, ಹೊಗೆ ಎಳೆದುಕೊಂಡ, ಕಣ್ಣು ಮಂಜಾಯಿತು.

"ಅವ್ವಾ! ಎತ್ತ ಹೊಡೀರವ್ವಾ!"

ಚನ್ನಮಲ್ಲಮ್ಮ ಹುಟ್ಟಿದಂದಿನಿಂದ ಕಪಿಲೆಯ ಎತ್ತನ್ನು ಮುಟ್ಟಿದವಳಲ್ಲ. ಆ ಮನೆಯ ಹೆಂಗಸರು ಮುಟ್ಟುವುದೂ ಇಲ್ಲ. ಆಕೆ ಬರಿಗೈಯಿಂದ ಎತ್ತುಗಳ ಬೆನ್ನಿಗೆ ಬಡಿದು, ಮೂಗುದಾರ ಹಿಡಿದು, ಇಳಿಜಾರಿನಲ್ಲಿ ತಾನೂ ಜಾರುತ್ತ ಎಳೆದುಕೊಂಡು ಹೋದಳು. ಹಗ್ಗ ಬಿಗಿಯಿತು. ಪುಟ್ಟಸಿದ್ದಯ್ಯನ ಮೈ ಬಾವಿಯ ಗೋಡೆಗೆ ತಾಕುತ್ತ ಮೇಲೇರಿತು. ಮಾರಯ್ಯ ಅಂಬೆಗಾಲಿಟ್ಟು ಮೆಟ್ಟಿಲು ಹತ್ತಿ ಬಂದು ದಡದಲ್ಲಿ ವಾಂತಿ ಮಾಡಿಕೊಂಡ.

ತಮ್ಮನಿಗೆ ಉಸಿರಿತ್ತು.

ಓಡಿಬಂದ ಸದಾಶಿವಪ್ಪನವರು ರಸ್ತೆಗೆ ಅಡ್ಡ ನಿಂತು ಕೊಳ್ಳೇಗಾಲದ ಬಸ್ಸನ್ನು ನಿಲ್ಲಿಸಿದರು. ಎಂದೂ ಆಳಿನ ಪಕ್ಕ ಕೂರದಿದ್ದವರು ದಾರಿಯುದ್ದಕ್ಕೂ ಪುಟ್ಟಸಿದ್ದಯ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಎರಡು ದಿನದ ಮಾತು ಅಂದ್ನಲ್ಲೋ ಮಾರ," ಎಂದು ಒಮ್ಮೆ ಅಂದರು. ಮಾರಯ್ಯ ಕಿಟಕಿಯ ಕಡೆ ನೋಡಿದ.

ಹೊಗೆ ರಕ್ತಕ್ಕೆ ಸೇರಿದೆ, ಜೀವಕ್ಕೆ ಭಯವಿಲ್ಲ, ತಲೆ ಹೇಗಿರುತ್ತದೋ ನೋಡಬೇಕು ಎಂದರು ಆಸ್ಪತ್ರೆಯ ಡಾಕ್ಟರು. ಸಂಜೆಯ ಬಸ್ಸಿಗೆ ಪುಟ್ಟಸಿದ್ದಯ್ಯನ ಹೆಂಡತಿ ಪುಟ್ಟಮಾದಮ್ಮ ಬಂದಳು. ಗಂಡನ ಕಾಲು ಮುಟ್ಟಿ ನೋಡಿ, ಮಾರಯ್ಯನ ಕಡೆ ತಿರುಗಿದಳು.

"ನೀವು ಹೊಲದಲ್ಲೇ ಇದ್ರಲ್ಲ ಬಾವ?"

"ಇದ್ದೆ ಕಣವ್ವ. ಕೇಳ್ನಿಲ್ಲ."

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಮಾರಯ್ಯನಿಗೆ ಅನ್ನಿಸಿತು.

ಪುಟ್ಟಸಿದ್ದಯ್ಯ ಮನೆಗೆ ಬಂದ. ಉಣ್ಣುತ್ತಿದ್ದ, ನಡೆಯುತ್ತಿದ್ದ, ಭಾರ ಹೊರುತ್ತಿದ್ದ. ಆದರೆ ಹೇಳಿದ್ದು ನಿಲ್ಲುತ್ತಿರಲಿಲ್ಲ. ನೀರು ತರಲು ಹೋದವನು ಕೊಡ ಹಿಡಿದು ದಾರಿಯಲ್ಲೇ ನಿಂತಿರುತ್ತಿದ್ದ. ಕೆಲವು ದಿನ ಹೆಂಡತಿಯ ಹೆಸರಿಗೂ ತಡಕಾಡಬೇಕಾಗುತ್ತಿತ್ತು.

ಕಬ್ಬಿಗೆ ನೀರಿಲ್ಲದೆ ವಾರವಾದಾಗ ಸದಾಶಿವಪ್ಪನವರು ಮಾರಯ್ಯನ ಗುಡಿಸಲಿಗೆ ಬಂದರು.

"ಕೊಳವೆ ಬಾಯಿ ದಾಟಿ ಮ್ಯಾಲಕ್ಕ ಬರಗಂಟ ನಾ ಹ್ಯಾಂಡ್ಲು ಮುಟ್ಟಾಕಿಲ್ಲ ಬುದ್ದಿ," ಎಂದ ಮಾರಯ್ಯ. ಅವರ ಎದುರು ಅವನು ಇಲ್ಲ ಎಂದದ್ದು ಅದೇ ಮೊದಲು.

ಸದಾಶಿವಪ್ಪನವರು ಗದರಲಿಲ್ಲ. ಬಾವಿಯವರೆಗೆ ಹೋಗಿ, ಎರಡು ಮೆಟ್ಟಿಲಿಳಿದು, ಅಲ್ಲೇ ಬಹಳ ಹೊತ್ತು ನಿಂತು ಮೇಲೆ ಬಂದರು. ಮರುದಿನ ತಾವೇ ಕೊಯಮತ್ತೂರಿಗೆ ಹೋಗಿ ಕೊಳವೆ ತಂದರು. ಅದು ಕೂತ ಮೇಲೆ ಮಾರಯ್ಯ ಮತ್ತೆ ಇಂಜಿನ್ನು ಹಚ್ಚಿದ. ಎರಡು ಮನೆಗಳ ರಾಗಿ ಈಗ ಅವನೊಬ್ಬನ ಕೈಯಿಂದ ಬರಬೇಕಿತ್ತು. ಬೇರೆ ಯಾವ ಕೆಲಸವೂ ಸದ್ಯಕ್ಕೆ ಅವನ ಪಾಲಿಗಿರಲಿಲ್ಲ.

ನೀರು ಇನ್ನೂ ಕೆಳಗೆ ಹೋಯಿತು. ಬಾನೆ ಮತ್ತೆ ಕಟ್ಟಿದರೂ ತಲುಪದಷ್ಟು ಕೆಳಗೆ. ಚನ್ನಮಲ್ಲಮ್ಮ ಹಿಪ್ಪುನೇರಳೆಯನ್ನು ಕೀಳಿಸಿ ಹುರುಳಿ ಚೆಲ್ಲಿಸಿದಳು. ಹುಳು ಸಾಕುವ ತಟ್ಟೆಗಳು ಅಟ್ಟ ಸೇರಿದವು. ತನ್ನ ಇಂಜಿನ್ನಿನಿಂದ ನಿನಗೂ ನೀರು ಬಿಡುತ್ತೇನೆ ಎಂದು ಬಾವ ಹೇಳಿಕಳಿಸಿದಾಗ, ಆಕೆ ತಾನೇ ಬಂದು ಉತ್ತರ ಕೊಟ್ಟಳು. "ಬಾವಿಲಿ ನನ್ನ ಭಾಗ ಅದ ಬಾವಾರೆ. ನನ್ನ ಭಾಗದ ನೀರ ನಿಮ್ಮತ್ರ ಈಸ್ಕಳಾಕ ನಂಗ ಬರಾಕಿಲ್ಲ." ಎತ್ತುಗಳನ್ನೂ ಆಕೆ ಮಾರಿದಳು, ಯಾವ ಊರಿನವರಿಗೆ ಎಂದು ಕೇಳಿಕೊಂಡೇ ಮಾರಿದಳು.

ಮರುವರ್ಷದ ಹೊತ್ತಿಗೆ ಆ ಬಯಲಿನಲ್ಲಿ ಇನ್ನೂ ಮೂರು ಇಂಜಿನ್ನುಗಳು ಬಂದವು. ಹಚ್ಚುವುದನ್ನು ಕಲಿಸಲು ಎಲ್ಲರೂ ಮಾರಯ್ಯನನ್ನೇ ಕರೆದರು. ಅವನು ಹೋಗುತ್ತಿದ್ದ. ಕೊಳವೆ ಮೇಲೆ ಬಂದಿಲ್ಲದಿದ್ದರೆ ಮಾತಾಡದೆ ಹಿಂತಿರುಗುತ್ತಿದ್ದ. ಜನ ಅವನಿಗೆ ಸೊಕ್ಕು ಬಂದಿದೆ ಎಂದುಕೊಂಡರು.

ಬಸ್ಸಿನಲ್ಲಿ ಬರುವ ಎಣ್ಣೆಯ ಡಬ್ಬಗಳನ್ನು ಹೊಲಕ್ಕೆ ಹೊರುವ ಕೆಲಸ ಪುಟ್ಟಸಿದ್ದಯ್ಯನದಾಯಿತು. ದಾರಿ ತಪ್ಪದಂತೆ ಅಣ್ಣ ಮುಂದೆ ನಡೆಯುತ್ತಿದ್ದ. ಅವರು ಹಾದುಹೋಗುವಾಗ ಚನ್ನಮಲ್ಲಮ್ಮ ಕರೆದು ಇಬ್ಬರಿಗೂ ಮಜ್ಜಿಗೆ ಕೊಡುತ್ತಿದ್ದಳು. ಡಬ್ಬ ಇಳಿಸಿ, ಬೊಗಸೆಯೊಡ್ಡಿ ಕುಡಿದು, ಪುಟ್ಟಸಿದ್ದಯ್ಯ ಅಂಗಳವನ್ನೆಲ್ಲ ಒಮ್ಮೆ ನೋಡುತ್ತಿದ್ದ.

"ಅವ್ವಾ, ಎತ್ತು ಎಲ್ಲವ್ವ? ಕಾಣಾಕಿಲ್ವಲ್ಲ?"

"ಮೇಯಾಕ ಹೋಗವ ಕಣಪ್ಪ," ಎನ್ನುತ್ತಿದ್ದಳು ಚನ್ನಮಲ್ಲಮ್ಮ.

"ಬಿಸ್ಲಲ್ಲಿ ಬಿಡಬ್ಯಾಡಿ."

"ಬಿಡಾಕಿಲ್ಲ."

ಮಾರಯ್ಯ ಬಗ್ಗಿ ಡಬ್ಬವನ್ನು ಎತ್ತಿ, ಸಿಂಬಿ ಸರಿಮಾಡಿ, ತಮ್ಮನ ತಲೆಯ ಮೇಲಿಟ್ಟು ನಡೆಯತೊಡಗುತ್ತಿದ್ದ.