ಮದ್ದಿನ ಗುಮಾನಿ

ಮಗನ ಕಣ್ಣು ಬಾತುಕೊಂಡದ್ದನ್ನು ಕಂಡಾಗ ಸುರೇಖಾ ಹೆದರಲಿಲ್ಲ. ಬೋರಲು ಮಲಗಿರಬೇಕು ಎಂದುಕೊಂಡಳು. ಬಚ್ಚಲಿಗೆ ಹೋದ ಫಕ್ಕೀರೇಶ "ಅವ್ವಾ, ಇಲ್ನೋಡ ಬಾ" ಎಂದು ಕೂಗಿದಾಗ ಹೋಗಿ ನೋಡಿದಳು. ಏಳು ವರ್ಷದ ಹುಡುಗನ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕಿತ್ತು.

"ನಿನ್ನೆ ಏನ್ ತಿಂದಿ?"

ಹುಡುಗ ನೆಲ ನೋಡಿದ. "ದೊಡ್ಡವ್ವ ಶೇಂಗಾ ಉಂಡಿ ಕೊಟ್ಟಿದ್ಲು. ನಿನಗ ಹೇಳಬ್ಯಾಡ ಅಂದಿದ್ಲು."

ದೊಡ್ಡವ್ವ ಎಂದರೆ ಸುರೇಖಾಳ ಗಂಡನ ಅಣ್ಣನ ಹೆಂಡತಿ ನೀಲಗಂಗವ್ವ. ಅಣ್ಣತಮ್ಮಂದಿರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಜೊತೆಗೇ ಕೂರುತ್ತಿದ್ದರೂ ಮನೆಯಲ್ಲಿ ಒಲೆ ಬೇರೆಯಾಗಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ನೀಲಗಂಗವ್ವನಿಗೆ ಮಕ್ಕಳಿಲ್ಲ. ಆಕೆ ಹುಡುಗನ ತಲೆ ಸವರಿದರೆ ಸಾಕು, ಸುರೇಖಾ ಅವನನ್ನು ಒಳಗೆ ಕರೆದು ದೃಷ್ಟಿ ತೆಗೆಯುತ್ತಿದ್ದಳು. ಹಿಂದಿನ ತಿಂಗಳು ಅವನ ಮೊಣಕಾಲ ಕೆಳಗೆ ಹುಣ್ಣೆದ್ದು, ಜೇನಿನ ಬಣ್ಣದ ಹಕ್ಕಳೆ ಕಟ್ಟಿತ್ತು. ಆಗ ನೀಲಗಂಗವ್ವ ನಳದ ಹತ್ತಿರ, "ಡಾಕ್ಟರಿಗೆ ತೋರಸವಾ" ಎಂದಿದ್ದಳು. ನನ್ನ ಮಗನ ಕಾಲ ಮೇಲೆ ಇವಳ ಕಣ್ಣೇಕೆ? ಸುರೇಖಾ ಅರಿಶಿನ ಹಚ್ಚಿ, ಉದ್ದ ಪ್ಯಾಂಟು ತೊಡಿಸಿ, ಆ ಮನೆ ಹೊಸ್ತಿಲು ತುಳಿಯಕೂಡದೆಂದು ಮಗನಿಗೆ ತಾಕೀತು ಮಾಡಿದ್ದಳು. ಹುಣ್ಣುಗಳು ಮಾಯ್ದಿದ್ದವು.

ಅತ್ತೆ ಗದಿಗೆವ್ವ ಮೊಮ್ಮಗನ ಗಲ್ಲ ಒತ್ತಿ ನೋಡಿದಳು. "ಇದು ಮಾಟದ ಮದ್ದ ಐತಿ. ಉಂಡ್ಯಾಗ ಹಾಕ್ಯಾಳ. ಮದ್ದು ಕಕ್ಕಿಸವರ ಕಡೆ ಒಯ್ಯೂಣು, ಲಗೂ ಏಳು."

ಸುರೇಖಾ ಮಗನ ಕೈ ಹಿಡಿದು ಬೀದಿಗಿಳಿದು ನೀಲಗಂಗವ್ವನ ಬಾಗಿಲಿಗೆ ಕೂಗಿದಳು. "ಏನ್ ತಿನ್ನಿಸೀದಿ ನನ್ನ ಮಗಗ? ಹೊಟ್ಟಿ ತಣ್ಣಗಾತೇನು?"

ಓಣಿಯ ಬಾಗಿಲುಗಳೆಲ್ಲ ತೆರೆದವು. ನೀಲಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. ಹುಡುಗನ ಬಾತ ಮುಖ ನೋಡಿ ಅವಳ ಮುಖ ಬಿಳಿಚಿತು. "ನನಗ ಏನ್ ಬೇಕಾದ್ದು ಅನ್ನು. ಮದ್ಲ ಅವನ್ನ ದವಾಖಾನಿಗೆ ಒಯ್ಯಿ."

ಇವಳಿಗೇಕೆ ಇಷ್ಟು ಅವಸರ? ಸುರೇಖಾಳಿಗೆ ಅದರ ಮೇಲೂ ಗುಮಾನಿ ಬಂತು. ಆದರೆ ಅಂಗಡಿಯಿಂದ ಓಡಿ ಬಂದ ಗಂಡ ಪ್ರವೀಣಕುಮಾರ ತಾಯಿಯ ಮಾತಿಗೆ ಕಿವಿಗೊಡದೆ, ಹೆಂಡತಿ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ರಾಣೇಬೆನ್ನೂರಿನ ಮಕ್ಕಳ ಡಾಕ್ಟರ ಬಳಿ ಕರೆದೊಯ್ದ.

"ಯಾರೋ ಏನೋ ತಿನ್ನಿಸ್ಯಾರ್ರಿ ಮೇಡಂ. ವಿಷ ಐತೇನು ನೋಡ್ರಿ," ಎಂದಳು ಸುರೇಖಾ.

ಡಾಕ್ಟರು ಬಿಪಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಆಮೇಲೆ ಹುಡುಗನ ಪ್ಯಾಂಟು ಮೇಲೆ ಸರಿಸಿ ಕಾಲಿನ ಕಲೆಗಳನ್ನು ಮುಟ್ಟಿದರು. "ಈ ಹುಣ್ಣು ಯಾವಾಗ ಆಗಿದ್ವು?"

"ಮೂರು ನಾಕು ವಾರ ಆತ್ರಿ," ಎಂದ ಪ್ರವೀಣಕುಮಾರ.

"ಸ್ಟ್ರೆಪ್ಟೊಕಾಕಸ್ ಅಂತ ಒಂದು ರೋಗಾಣು. ಗಂಟಲಾಗ ಬರತೈತಿ, ಹಿಂಗ ಚರ್ಮದಾಗೂ ಬರತೈತಿ. ಹುಣ್ಣು ಮಾಯ್ತಾವ. ಆದ್ರ ಅದರ ಜೋಡಿ ಹೊಡದಾಡಾಕ ಮೈ ಎಬ್ಬಿಸಿದ ಶಕ್ತಿ ಕೆಲವು ಮಕ್ಕಳಿಗೆ ವಾರಗಟ್ಟಲೆ ಆದ ಮ್ಯಾಲೆ ಕಿಡ್ನಿಗೆ ಪೆಟ್ಟು ಕೊಡತೈತಿ. ಈ ಬಾವು, ಈ ಬಣ್ಣ ಅದರದ. ಬಿಪಿ ಏರೇತಿ, ಇಲ್ಲೇ ಇರ್ಲಿ. ಬಹಳಷ್ಟು ಮಕ್ಕಳು ಪೂರಾ ಆರಾಮ ಆಗ್ತಾರ."

"ಮತ್ತ ಉಂಡಿ?"

"ಉಂಡಿಗೂ ಇದಕ್ಕೂ ಏನೂ ಸಂಬಂಧ ಇಲ್ಲವಾ."

ನಮ್ಮ ಮನೆಯ ಸಂಗತಿ ಡಾಕ್ಟರಿಗೇನು ಗೊತ್ತು ಎಂದು ಸುರೇಖಾಳಿಗೆ ಅನ್ನಿಸುತ್ತಲೇ ಇತ್ತು. ಗಂಡ ಔಷಧಿ ತರಲು ಹೋದಾಗ ಮಗನ ಕಿವಿಯ ಬಳಿ ಬಾಗಿದಳು. "ಖರೇ ಹೇಳು. ನನಗ ಹೇಳಬ್ಯಾಡ ಅಂತ ಯಾಕಂದ್ಲು ದೊಡ್ಡವ್ವ?"

"ನೀ ಬಡೀತಿ ಅಂತ. ಹುಣ್ಣಾದಾಗೂ ಸಾಲಿ ಬಿಟ್ಟ ಮ್ಯಾಲೆ ಆಕೀನ ಸಾಬಾಣ ಹಚ್ಚಿ ತೊಳೀತಿದ್ಲು. ನಿಮ್ಮವ್ವನ ಮುಂದ ಮತ್ತೊಮ್ಮೆ ಹೇಳತೇನಿ, ಡಾಕ್ಟರ ಕಡೆ ಹೋಗು ಅಂತಿದ್ಲು."

ಅದನ್ನು ನೀಲಗಂಗವ್ವ ಮತ್ತೊಮ್ಮೆ ಹೇಳಿಯೂ ಇದ್ದಳು. ಸುರೇಖಾ ಅವಳ ಮುಖದ ಮೇಲೆ ಕದ ಹಾಕಿಕೊಂಡಿದ್ದಳು.

ವಾರದೊಳಗೆ ಬಾವು ಇಳಿಯಿತು, ಬಿಪಿ ಹಿಡಿತಕ್ಕೆ ಬಂತು. ಮನೆಗೆ ಬಂದ ದಿನವೇ ಸುರೇಖಾ ಪಕ್ಕದ ಬಾಗಿಲಿಗೆ ಹೋದಳು. "ಅಕ್ಕಾ, ತಪ್ಪಾತು ನಂದು."

"ನೀ ಅಂದಿದ್ದು ಓಣಿಯಾಗ," ಎಂದಳು ನೀಲಗಂಗವ್ವ. "ಒಳಗ ಬಂದು ಕಿವ್ಯಾಗ ಹೇಳಿದ್ರ ಹೆಂಗವಾ?"

ಸುರೇಖಾ ಹೊರಗೆ ಬಂದು ಕಟ್ಟೆಯ ಮೇಲಿದ್ದ ಹೆಂಗಸರೆದುರು ನಿಂತಳು. "ನಮ್ಮಕ್ಕ ಏನೂ ಹಾಕಿದ್ದಿಲ್ಲ. ಹುಣ್ಣಿನ ರೋಗ ಅದು. ಆಕಿ ಮದ್ಲ ಹೇಳಿದ್ಲು, ನಾನ ಕೇಳಲಿಲ್ಲ."

ಹೆಂಗಸರು ತಲೆಯಾಡಿಸಿದರು. ಗದಿಗೆವ್ವ ಮಾತ್ರ, "ಡಾಕ್ಟರ ಮಂದಿಗೆ ಮದ್ದು ಎಲ್ಲಿ ತಿಳೀತೈತಿ," ಎಂದು ಒಳಗೆ ಹೋದಳು.

ಮರುದಿನ ನೀಲಗಂಗವ್ವ ಸಂತೆಗೆ ಹೊರಟಾಗ, ಎದುರು ಮನೆಯವಳು ಆಡುತ್ತಿದ್ದ ಮಗಳನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಳು. ನೀಲಗಂಗವ್ವ ಕಂಡೂ ಕಾಣದಂತೆ ನಡೆದಳು. ಸುರೇಖಾ ಅದನ್ನು ಕಿಟಕಿಯಿಂದ ನೋಡಿದಳು. ತಾನು ಹಚ್ಚಿದ ಬೆಂಕಿ ತನ್ನ ಒಂದು ಮಾತಿಗೆ ಆರುವುದಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಮಗನನ್ನು ಕರೆದುಕೊಂಡು ಹೊರಬಂದು, ಎದುರು ಮನೆಯವಳಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು:

"ಅಕ್ಕಾ, ನಿಂದ್ರ. ನಾವೂ ಬರ್ತೇವಿ."