ನಲವತ್ತು ಸೆಕೆಂಡಿನ ಕೂಗು

ಆ ಬೆಳಿಗ್ಗೆ ಸ್ಟುಡಿಯೋದ ಮುಂದೆ ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ಕೈಗೆ ಸಿಗದಷ್ಟು ದೊಡ್ಡವರಾಗಿದ್ದ ಆರು ಮಂದಿ ರಾಕ್ ಸಂಗೀತಗಾರರು ಒಂದೇ ಹಾಡಿಗಾಗಿ ಆರು ಕಾರುಗಳಲ್ಲಿ ಬಂದಿಳಿದಿದ್ದರು. ಒಂಬತ್ತು ದಿನಗಳ ಹಿಂದೆ, ಅಲ್ಲಿಂದ ಮೂರು ತಾಸಿನ ದಾರಿಯ ಊರೊಂದರಲ್ಲಿ ಐದು ಮಹಡಿಯ ವಸತಿ ಕಟ್ಟಡ ಕುಸಿದುಬಿದ್ದಿತ್ತು. ಹಾಡಿನಿಂದ ಬಂದದ್ದೆಲ್ಲ ಅಲ್ಲಿ ಬದುಕುಳಿದವರಿಗೆ ಎಂದು ಇವರು ಸಾರಿದ್ದರು.

ಗಾಜಿನ ಈಚೆ ಕೂತು ಧ್ವನಿಮುದ್ರಣ ಮಾಡುತ್ತಿದ್ದವಳು ನಲವತ್ತು ದಾಟಿದ ಸೌಂಡ್ ಎಂಜಿನಿಯರ್. ಇಪ್ಪತ್ತು ವರ್ಷಗಳಿಂದ ಅದೇ ಕುರ್ಚಿ. ಯಾರ ಕಂಠ ಎಷ್ಟು ಸ್ವಂತದ್ದು, ಎಷ್ಟು ತಾನು ತಿದ್ದಿದ್ದು ಎಂಬ ಗುಟ್ಟೆಲ್ಲ ಅವಳ ಹೊಟ್ಟೆಯೊಳಗಿದ್ದುದರಿಂದ ಎಂಥ ದೊಡ್ಡ ಗಾಯಕನೂ ಅವಳ ಮುಂದೆ ಬಾಲ ಮುದುರಿಕೊಂಡೇ ಇರುತ್ತಿದ್ದ. ಅವತ್ತೂ ಒಬ್ಬ ತನ್ನದೇ ಸ್ಟೂಲು ಹೊತ್ತು ತಂದಿದ್ದ. ಒಬ್ಬಾಕೆ ತನ್ನ ನೀರನ್ನು ತಾನೇ ತಂದಿದ್ದಳು. ಹಾಡೇ ಬಾರದ ಡ್ರಮ್ಮರ್ ಫೋಟೋದಲ್ಲಿ ಕಾಣಿಸಿಕೊಳ್ಳಲೆಂದು ಮೈಕಿನ ಮುಂದೆ ನಿಂತು ಬಾಯಿ ಆಡಿಸುತ್ತಿದ್ದ. ಅವನ ಮೈಕನ್ನು ಅವಳು ಸದ್ದಿಲ್ಲದೆ ಬಂದ್ ಮಾಡಿದ್ದಳು.

ಹಾಡು ಬರೆದವನನ್ನು ಅಭಿಮಾನಿಗಳು ಸಿಡಿಲು ಎಂದು ಕರೆಯುತ್ತಿದ್ದರು. ವೇದಿಕೆಯ ಮೇಲೆ ಗುಡುಗುತ್ತಿದ್ದವನು ಮಾತಿಗೆ ಕೂತರೆ ಮೆತ್ತಗಿನ ಮನುಷ್ಯ. ‘ನಿಮ್ಮ ಕೂಗು ಕೇಳಿಸಿದೆ ನಮಗೆ’ ಎಂಬುದು ಅವನ ಹಾಡಿನ ಪಲ್ಲವಿ. ಗಿಟಾರು ಶುರುವಾಗುವ ಮುನ್ನ ಕುಸಿತದ ಜಾಗದ ನಿಜವಾದ ಸದ್ದು ಒಂದಿಷ್ಟು ಬರಲಿ ಎಂದು ಅವನು ಕೇಳಿಕೊಂಡಿದ್ದ. ಮೊದಲ ದಿನ ಅಲ್ಲಿಗೆ ಹೋಗಿದ್ದ ಸುದ್ದಿವಾಹಿನಿಯ ಧ್ವನಿಗ್ರಾಹಕನೊಬ್ಬ ನಲವತ್ತು ಸೆಕೆಂಡಿನ ಒಂದು ತುಣುಕು ಕಳಿಸಿದ್ದ. ಅದರಲ್ಲಿ ಹೆಂಗಸೊಬ್ಬಳು ಕೂಗುತ್ತಿದ್ದಾಳಂತೆ. ಆದರೆ ಮಣ್ಣೆತ್ತುವ ಯಂತ್ರಗಳ ಗದ್ದಲದಲ್ಲಿ ಒಂದಕ್ಷರವೂ ತಿಳಿಯುವುದಿಲ್ಲವಂತೆ.

ಹತ್ತೂವರೆಗೆ ಎಲ್ಲರೂ ಕಾಫಿಗೆಂದು ಎದ್ದಾಗ ಅವಳು ಹೆಡ್‌ಫೋನ್ ಹಾಕಿಕೊಂಡು ಆ ತುಣುಕನ್ನು ತೆರೆದಳು. ಮೊದಲು ಬರೀ ಭೋರ್ಗರೆತ. ಎಂಜಿನ್‌ಗಳ ದಪ್ಪ ಗುಡುಗುಡು ಸದ್ದನ್ನು ಕತ್ತರಿಸಿದಳು. ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜುವ ಕಿರುಚಾಟ, ಅದನ್ನೂ ತೆಗೆದಳು. ಅಕ್ಕಿಯಿಂದ ಕಲ್ಲು ಆರಿಸಿದಂತೆ ಒಂದೊಂದೇ ಸದ್ದನ್ನು ಹೆಕ್ಕಿ ಹೊರಗೆ ಹಾಕುತ್ತ ಬಂದಂತೆ ಹೆಂಗಸಿನ ದನಿ ಮೇಲೆದ್ದಿತು.

“ಗುಬ್ಬೀ... ಗುಬ್ಬೀ...”

ಅವಳ ಕೈ ನಿಂತುಹೋಯಿತು. ಗುಬ್ಬಿ ಎಂಬುದು ಅವಳದೇ ಅಡ್ಡಹೆಸರು. ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಇಬ್ಬರೇ. ಅಮ್ಮ ತೀರಿಕೊಂಡಿದ್ದಳು. ಉಳಿದವಳು ಅಕ್ಕ. ಕೊನೆಯಕ್ಷರವನ್ನು ಎಳೆದು, ಎಳೆತದ ತುದಿಯಲ್ಲಿ ದನಿ ಸ್ವಲ್ಪ ಒಡೆಯುವ ಆ ಕೂಗು ಅಕ್ಕನದಲ್ಲದೆ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

ಅಕ್ಕತಂಗಿಯರು ಮಾತುಬಿಟ್ಟು ಆರು ವರ್ಷವಾಗಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಹಾಗೆ. ಅಮ್ಮ ಸತ್ತ ವಾರದಲ್ಲಿ, ಕೆಲಸ ಕಳೆದುಕೊಂಡು ಕೂತಿದ್ದ ಭಾವನನ್ನು ಇವಳು ಕೈಲಾಗದವನು ಎಂದುಬಿಟ್ಟಿದ್ದಳು. ಅಕ್ಕ ಚೀಲ ಎತ್ತಿಕೊಂಡು ಹೊರಟವಳು ಮತ್ತೆ ತಿರುಗಿ ನೋಡಿರಲಿಲ್ಲ. ಎಲ್ಲಿದ್ದಾಳೆ ಎಂದು ಇವಳು ಹುಡುಕಿರಲಿಲ್ಲ. ಆ ಊರಲ್ಲಿ, ಆ ಕಟ್ಟಡದಲ್ಲಿ ಇರಬಹುದೆಂದು ಒಂಬತ್ತು ದಿನ ಸುದ್ದಿ ನೋಡಿದರೂ ಒಮ್ಮೆಯೂ ಹೊಳೆದಿರಲಿಲ್ಲ.

ಅಕ್ಕ ತನ್ನನ್ನೇಕೆ ಕೂಗುತ್ತಿದ್ದಾಳೆ? ಅವಳು ಇನ್ನಷ್ಟು ಗದ್ದಲವನ್ನು ಕಳೆದಳು. ಅಕ್ಕನ ಮಾತು ಈಗ ಬಿಡಿಬಿಡಿಯಾಗಿ ಬಂತು.

“ಮೆಷಿನ್ ನಿಲ್ಲಿಸಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ನಿಮಿಷ ನಿಲ್ಲಿಸಿ. ಮಗು ಮಾತಾಡ್ತಿದೆ ಒಳಗೆ.”

ಆಮೇಲೆ, ಮೂವತ್ತನಾಲ್ಕನೇ ಸೆಕೆಂಡಿನಲ್ಲಿ, ಎರಡು ಯಂತ್ರಗಳ ಅಬ್ಬರದ ನಡುವಿನ ಸಂದಿಯಲ್ಲಿ ಇನ್ನೊಂದು ದನಿ ಇತ್ತು. ಎಳೆಯ ದನಿ.

“ಅಮ್ಮಾ, ಇಲ್ಲೇ ಇದೀನಿ.”

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಮತ್ತೆ ಹಾಕಿಕೊಂಡಳು. ಮತ್ತೆ ಅದೇ ಮಾತು. ಹತ್ತು ವರ್ಷ ಮಕ್ಕಳಿಲ್ಲದೆ ಕೊರಗಿದ್ದ ಅಕ್ಕನಿಗೆ ಮಗುವಾಗಿದೆ. ಮುಖ ನೋಡದ ತಂಗಿಯ ಹೆಸರನ್ನೇ ಅದಕ್ಕಿಟ್ಟು ಕರೆದಿದ್ದಾಳೆ. ಆ ಮಗು ಕಲ್ಲಿನಡಿಯಿಂದ ಓಗೊಡುತ್ತಿದೆ. ಮೂರು ಸಂಗತಿಗಳೂ ಒಂದೇ ಏಟಿಗೆ ಬಂದು ಬಡಿದವು. ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ ಅವಳು ಸುಮ್ಮನೆ ಕೂತಳು.

ಕಾಫಿ ಮುಗಿಸಿ ಬಂದ ಸಿಡಿಲು ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಅವಳು ಸ್ಪೀಕರಿನ ಗುಂಡಿ ಒತ್ತಿದಳು. ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ತುಣುಕು ಮುಗಿದಾಗ ನೀರು ತಂದಿದ್ದ ಗಾಯಕಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

“ಕೂಗ್ತಿರೋದು ನಮ್ಮಕ್ಕ,” ಎಂದಳು ಎಂಜಿನಿಯರ್.

ಡ್ರಮ್ಮರ್ ಕೆಟ್ಟವನಲ್ಲ, ಮಾತು ಮಾತ್ರ ತಲೆಗಿಂತ ಮುಂದೆ ಓಡುತ್ತಿತ್ತು. ಇದನ್ನು ಹಾಡಿನ ಮೊದಲಿಗೆ ಹಾಕಿದರೆ ಕಲ್ಲೂ ಕರಗುತ್ತದೆ, ಎಂದುಬಿಟ್ಟ.  ತಾನಾಡಿದ್ದು ತನಗೇ ಕೇಳಿಸಿದ ಮೇಲೆ ಅವನು ತಲೆ ತಗ್ಗಿಸಿ ಹೊರಗೆ ಹೋದ.

ಮಗು ಬದುಕಿದೆಯೇ ಎಂಬುದೊಂದೇ ಈಗ ಎಲ್ಲರ ಪ್ರಶ್ನೆ. ಧ್ವನಿಗ್ರಾಹಕನಿಗೆ ಫೋನ್ ಮಾಡಿದರು. ಉದ್ದನೆಯ ಮೈಕನ್ನು ಕಲ್ಲಿನ ಸಂದಿಗೆ ಚಾಚಿ ಹಿಡಿದಿದ್ದು ನಿಜ, ಆದರೆ ತನಗೆ ಯಂತ್ರದ ಸದ್ದು, ಹೆಂಗಸಿನ ಕೂಗು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ, ಎಂದ. ಮಗುವಿನ ಮಾತು ಇದೆ ಎಂದು ತಿಳಿಸಿದಾಗ ಫೋನ್ ಇಟ್ಟುಬಿಟ್ಟ. 

ಸಿಡಿಲು ಡ್ರೈವರನ್ನು ಕರೆಯಲಿಲ್ಲ, ಅವಳನ್ನು ಆ ಊರಿಗೆ ಕರೆದೊಯ್ಯಲು ಕಾರನ್ನು ತಾನೇ ತೆಗೆದ.  ದಾರಿಯಲ್ಲಿ ಒಮ್ಮೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ, “ಕೂಗು ಕೇಳಿಸಿದೆ ಅಂತ ಬರೆದೆನಲ್ಲ ನಾನು,” ಎಂದ. “ಈಜುಕೊಳದ ಪಕ್ಕ ಕೂತು ಬರೆದಿದ್ದು.” ಅವಳಿಂದ ಏನನ್ನೋ ನಿರೀಕ್ಷಿಸಿ ಆಡಿದ ಮಾತಲ್ಲ ಅದು. 

ಮನೆ ಕಳೆದುಕೊಂಡವರನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ಬೆಂಚುಗಳನ್ನು ಕಾರಿಡಾರಿಗೆ ಸರಿಸಿ, ಕೋಣೆಗೆ ನಾಲ್ಕು ಕುಟುಂಬದಂತೆ ಹಾಸಿಗೆ ಹಾಕಿದ್ದರು. ಕಪ್ಪುಹಲಗೆಯ ಮೇಲೆ ಅರ್ಧಕ್ಕೆ ನಿಂತ ಭಾಗಾಕಾರದ ಲೆಕ್ಕ ಹಾಗೇ ಇತ್ತು. ಬಾಗಿಲ ಬಳಿ ಕೂತಿದ್ದವನು ಭಾವ. ಅವನ ಎರಡೂ ಕೈಗಳಿಗೆ ಮೊಣಕೈವರೆಗೆ ಬ್ಯಾಂಡೇಜು. ಎರಡು ದಿನ ಬರಿಗೈಯಲ್ಲಿ ಕಲ್ಲು ಕಿತ್ತನಂತೆ. ಉಗುರು ಒಂದೂ ಉಳಿದಿರಲಿಲ್ಲ. ಕೈಲಾಗದವನು ಎಂದಿದ್ದವಳು ಆ ಕೈಗಳನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವನು ಸಿಟ್ಟಾಗಲಿಲ್ಲ. ಬಾ, ಒಳಗಿದ್ದಾಳೆ, ಎಂದಷ್ಟೇ ಹೇಳಿದ.

ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಂಗಿಯನ್ನು ನೋಡಿ ಬೆಚ್ಚಲೂ ಇಲ್ಲ, ಅಳಲೂ ಇಲ್ಲ. ನಿನ್ನೆ ತಾನೇ ಕಂಡವಳಿಗೆ ಹೇಳುವಂತೆ ಹೇಳಿದಳು: ಮಗು ಸಿಕ್ಕಿದ್ದು ಮೂರನೆಯ ದಿನ. ಐದು ವರ್ಷ ತುಂಬಿತ್ತು. ಕಟ್ಟಡ ಬಿದ್ದ ಕ್ಷಣದಲ್ಲೇ ಜೀವ ಹೋಗಿರುತ್ತದೆ, ನೋವೇ ತಿಳಿದಿರುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ತಾನು ಅದರ ದನಿ ಕೇಳಿದೆ ಎಂದರೆ, ಪಾಪ, ಹೆತ್ತ ಕರುಳು, ಏನೇನೋ ಕೇಳಿಸುತ್ತದೆ ಎಂದರು ಅಧಿಕಾರಿಗಳು. ಕಡೆಗೆ ಗಂಡನೂ ಹಾಗೇ ಅಂದ.

ತಂಗಿ ಯೋಚಿಸಿದಳು. ಹೇಳಬೇಕೋ ಬೇಡವೋ? ಹೇಳದಿದ್ದರೆ ಅಕ್ಕ ಜೀವಮಾನವಿಡೀ ತನ್ನ ಕಿವಿಯನ್ನು ತಾನೇ ನಂಬಲಾರಳು. ಹೇಳಿದರೆ, ಮಗು ಕಾದಿತ್ತು ಎಂಬುದನ್ನು ಸಾಯುವ ತನಕ ಹೊರಬೇಕು. ಆದರೆ ಅಕ್ಕ ಅವಳ ಮುಖವನ್ನು ಚಿಕ್ಕಂದಿನಿಂದ ಓದಿದವಳು.

“ನೀನು ಸುಮ್ಮನೆ ಬಂದಿಲ್ಲ,” ಎಂದಳು. “ಏನದು, ಹೇಳು.”

ತಂಗಿ ಹೇಳಿದಳು. ಸ್ಟುಡಿಯೋ, ಹಾಡು, ತುಣುಕು, ಎಲ್ಲವನ್ನೂ.

“ನಿನಗೂ ಕೇಳಿಸ್ತಾ?”

“ಕೇಳಿಸ್ತು ಅಕ್ಕಾ. ‘ಅಮ್ಮಾ, ಇಲ್ಲೇ ಇದೀನಿ’ ಅಂತು.”

ತುಣುಕನ್ನು ಫೋನಿನಲ್ಲಿ ತಂದಿದ್ದಳು. ಅಕ್ಕ ಕೈ ಚಾಚಿದಳು. ಬೇಡವೆಂದರೂ ಕೇಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಮೂರು ಬಾರಿ ಕೇಳಿದಳು. ಆಮೇಲೆ ಅದನ್ನು ತೆಗೆದು ಗಂಡನ ಕಿವಿಗೆ ತಾನೇ ಹಾಕಿದಳು. ಅವನ ಕೈಗೆ ಆಗುವಂತಿರಲಿಲ್ಲ. ಅವನು ಕೇಳಿದ. ಬ್ಯಾಂಡೇಜಿನ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಾಗಿದ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟು, “ನನಗೆ ಭ್ರಮೆ ಇರಲಿಲ್ಲ,” ಎಂದು ಅತ್ತಳು. ಒಂಬತ್ತು ದಿನದಲ್ಲಿ ಅವಳು ಅತ್ತಿದ್ದು ಅದೇ ಮೊದಲು ಎಂದು ಪಕ್ಕದ ಹಾಸಿಗೆಯವರು ಆಮೇಲೆ ಹೇಳಿದರು.

ಕಾರಿಡಾರಿನಲ್ಲಿ ನಿಂತಿದ್ದ ಸಿಡಿಲು ಒಳಗೆ ಬಂದು ಕ್ಷಮೆ ಕೇಳಿದ. ಹಾಡನ್ನು ಇಲ್ಲಿಗೇ ಕೈಬಿಡುತ್ತೇನೆ ಎಂದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹಾಡಿ. ಇಲ್ಲಿರೋರಿಗೆಲ್ಲ ಸೂರು ಬೇಕು,” ಎಂದಳು. “ನನ್ನ ಮಗಳ ದನಿ ಮಾತ್ರ ಹಾಡಿಗಲ್ಲ. ಅದನ್ನ ಮೆಷಿನ್ ನಿಲ್ಲಿಸದೇ ಇದ್ದೋರು ಕೇಳಬೇಕು.”

ಹಾಗೇ ಆಯಿತು. ಪಲ್ಲವಿಯನ್ನು ಸಿಡಿಲು ಬದಲಿಸಿದ. ಕೂಗು ಕೇಳಿಸಿತೆಂಬ ಮಾತು ಅದರಲ್ಲಿ ಉಳಿಯಲಿಲ್ಲ. ಹಾಡು ಮನೆಮನೆಯಲ್ಲೂ ಕೇಳಿಸಿತು, ಶಾಲೆಯಲ್ಲಿದ್ದವರಿಗೆ ಮಳೆಗಾಲದೊಳಗೆ ಬಾಡಿಗೆ ಮನೆಗಳಾದವು. ನಲವತ್ತು ಸೆಕೆಂಡಿನ ತುಣುಕು ವಿಚಾರಣಾ ಸಮಿತಿಗೆ ಹೋಯಿತು. ಅಕ್ಕಭಾವ ಅಷ್ಟರಲ್ಲಿ ತಂಗಿಯ ಮನೆಗೆ ಬಂದಿದ್ದರು. ಭಾವನಿಗೆ ತಂಗಿಯೇ ತುತ್ತು ಮಾಡಿ ಉಣ್ಣಿಸುತ್ತಿದ್ದಳು; ಹಳೆಯ ಮಾತಿಗೆ ಇಬ್ಬರೂ ಕೈಹಾಕಲಿಲ್ಲ.

ವಿಚಾರಣೆಯ ದಿನ ಸಮಿತಿಯ ಐದು ಮಂದಿ ಮಗುವಿನ ದನಿ ಕೇಳಿ ಮುಖ ಮುಖ ನೋಡಿಕೊಂಡರು. ಅಧ್ಯಕ್ಷ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇನ್ನು ಮುಂದೆ ಎಲ್ಲೇ ಕುಸಿತವಾದರೂ ಅರ್ಧ ತಾಸಿಗೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಎಲ್ಲರೂ ಬಾಯಿ ಮುಚ್ಚಿ ಕಿವಿಗೊಡಬೇಕೆಂದು ಅವತ್ತೇ ಆಜ್ಞೆಯಾಯಿತು.

ಹೊರಗಿನ ಬೆಂಚಿನ ಮೇಲೆ ಅಕ್ಕತಂಗಿಯರು ಕೂತಿದ್ದಾಗ ನರೆಗೂದಲಿನ ಒಬ್ಬಾತ ಬಂದು ಎದುರು ನಿಂತ. ಆ ದಿನ ಯಂತ್ರ ನಡೆಸಿದವನು ತಾನೇ ಎಂದ.  

“ಆ ಮೆಷಿನ್ ಡಬ್ಬಿಯೊಳಗೆ ಕೂತರೆ ಹೊರಗಿಂದು ಕೇಳಿಸುತ್ತಾ?” ಎಂದಳು ಅಕ್ಕ.

“ಏನೂ ಕೇಳಿಸಲ್ಲ ತಾಯಿ. ನೀವು ಕೈ ಮುಗೀತಿದ್ದದ್ದು ಕಂಡಿತ್ತು. ಬೇಗ ತೆಗೆಯಿರಿ ಅಂತಿದೀರ ಅಂದ್ಕೊಂಡೆ.”

 ಅಕ್ಕ ತಂಗಿಯ ಕಡೆಗೆ ಸರಿದು, ಬೆಂಚಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟಳು.